ಮನೆಯಲ್ಲೇ ಕೋಳಿಮರಿ ಮಾಡಿಸುವವರ ಪ್ರಶ್ನೆಗಳು

ಕಾವು ಕೊಡುವ ಯಂತ್ರ (ಇನ್‌ಕ್ಯುಬೇಟರ್) ಈಗ ಹಳ್ಳಿಮನೆಗಳಿಗೂ ಬಂದಿದೆ. ಕೊಂಡು ತಂದವರಿದ್ದಾರೆ, ಥರ್ಮಾಕೋಲ್ ಪೆಟ್ಟಿಗೆಗೆ ಬಲ್ಬು, ಫ್ಯಾನು ಜೋಡಿಸಿ ತಾವೇ ಮಾಡಿಕೊಂಡವರೂ ಇದ್ದಾರೆ. ಈ ಸಲದ ಕಾಗದಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಒಂದೇ ಲೆಕ್ಕ ಇರುತ್ತದೆ. ರಾಯಚೂರಿನ ಬೇಸಿಗೆಗೂ ಆಗುಂಬೆಯ ಮಳೆಗೂ ಆ ಒಂದೇ ಲೆಕ್ಕ ಹೊಂದುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರಶ್ನೆ: ಜುಲೈನಲ್ಲಿ 40 ನಾಟಿ ಮೊಟ್ಟೆ ಇಟ್ಟಿದ್ದೆ. ಪುಸ್ತಿಕೆಯಲ್ಲಿ ಹೇಳಿದಂತೆ ತಪ್ಪದೆ ಎರಡೂ ತಟ್ಟೆಗೆ ನೀರು ತುಂಬಿಸಿದೆ. 9 ಮರಿ ಮಾತ್ರ ಹೊರಬಂದವು. ಉಳಿದವನ್ನು ಒಡೆದು ನೋಡಿದರೆ ಒಳಗೆ ಪೂರ್ತಿ ಬೆಳೆದ ಮರಿಗಳು, ಮೈಯೆಲ್ಲ ಒದ್ದೆ. ನೋಡಿ ಕಣ್ಣಲ್ಲಿ ನೀರು ಬಂತು. ನನ್ನಿಂದಲೇ ಸತ್ತವೇ?
– ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಕಾಳಜಿಯಲ್ಲಿ ಏನೂ ಕೊರತೆ ಇರಲಿಲ್ಲ. ಮರಿಗಳು ಪೂರ್ತಿ ಬೆಳೆದಿದ್ದವು ಎಂದರೆ ಬಿಸಿಯೂ ಸರಿಯಿತ್ತು, ಮೊಟ್ಟೆ ಹೊರಳಿಸಿದ್ದೂ ಸರಿಯಿತ್ತು. ಕೊನೆಯಲ್ಲಿ ಅವಕ್ಕೆ ಉಸಿರಾಡಲು ಜಾಗ ಸಿಗಲಿಲ್ಲ. ಅದಕ್ಕೆ ಕಾರಣ ನೀರು ಹೆಚ್ಚಾದದ್ದು.

ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಕಾವಿನ ದಿನಗಳಲ್ಲಿ ಒಳಗಿನ ತೇವ ಅವುಗಳ ಮೂಲಕ ಸ್ವಲ್ಪ ಸ್ವಲ್ಪವೇ ಆರಿಹೋಗಬೇಕು. ಹಾಗೆ ಆರಿದಷ್ಟೂ ದಪ್ಪ ತುದಿಯಲ್ಲಿರುವ ಗಾಳಿಕೋಶ (ಬೇಯಿಸಿದ ಮೊಟ್ಟೆ ಸುಲಿದಾಗ ತುದಿಯಲ್ಲಿ ತಗ್ಗಾಗಿ ಕಾಣುತ್ತದಲ್ಲ, ಆ ಖಾಲಿ ಜಾಗ) ದೊಡ್ಡದಾಗುತ್ತದೆ. ಮರಿ ಚಿಪ್ಪು ಒಡೆಯುವ ಮೊದಲು ಕೊಕ್ಕನ್ನು ಆ ಕೋಶಕ್ಕೆ ತೂರಿಸಿ ಮೊದಲ ಉಸಿರು ತೆಗೆದುಕೊಳ್ಳುವುದು ಅಲ್ಲಿಯೇ. ತೇವ ಆರದಿದ್ದರೆ ಕೋಶ ಚಿಕ್ಕದಾಗಿಯೇ ಉಳಿಯುತ್ತದೆ, ಮರಿ ಊದಿಕೊಳ್ಳುತ್ತದೆ, ತಿರುಗಲು ಜಾಗವಿಲ್ಲದೆ ಒಳಗಿನ ನೀರಿನಲ್ಲೇ ಉಸಿರುಗಟ್ಟುತ್ತದೆ.

ನಿಮ್ಮೂರಿನ ಜುಲೈ ಗಾಳಿಯಲ್ಲೇ ಬೇಕಾದಷ್ಟು ನೀರಿದೆ. 24 ಡಿಗ್ರಿಯ ಮಳೆಗಾಳಿಯ ಆರ್ದ್ರತೆ (ಗಾಳಿಯಲ್ಲಿರುವ ತೇವದ ಪ್ರಮಾಣ) ಶೇ 90 ಇದ್ದರೆ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಬಿಸಿಯಾದಾಗ ಶೇ 40ರ ಆಸುಪಾಸಿಗೆ ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮೊದಲ 18 ದಿನಕ್ಕೆ ಬಹುಮಟ್ಟಿಗೆ ಅಷ್ಟೇ ಸಾಕು, ತಟ್ಟೆಗೆ ನೀರೇ ಬೇಡ. ಕೊನೆಯ ಮೂರು ದಿನ ಮಾತ್ರ ನೀರು ಹಾಕಿ ಶೇ 65–70ಕ್ಕೆ ಏರಿಸಿ. ಬಯಲುಸೀಮೆಯ ಚಳಿಗಾಲಕ್ಕೆ ಈ ಮಾತು ಸಲ್ಲದು. ಅಲ್ಲಿನ ಒಣಗಾಳಿ ಬಿಸಿಯಾದರೆ ಶೇ 20ಕ್ಕೆ ಇಳಿದುಬಿಡುತ್ತದೆ. ಅಲ್ಲಿ ಮೊದಲ ದಿನದಿಂದಲೇ ನೀರಿಟ್ಟು ಶೇ 50ರ ಸುತ್ತ ಕಾಯ್ದುಕೊಳ್ಳಬೇಕು.

ಮಾಪಕದ ಅಂಕಿಗಿಂತ ಮೊಟ್ಟೆಯನ್ನೇ ನಂಬಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡುವ ದಿನ ಒಮ್ಮೆ ತೂಗಿ, ಚಿಪ್ಪಿನ ಮೇಲೆ ಪೆನ್ಸಿಲ್‌ನಿಂದ ಬರೆದಿಡಿ. 18ನೇ ದಿನಕ್ಕೆ ಶೇ 11ರಿಂದ 13ರಷ್ಟು ತೂಕ ಕಡಿಮೆಯಾಗಿರಬೇಕು. 40 ಗ್ರಾಂ ನಾಟಿ ಮೊಟ್ಟೆ 35 ಗ್ರಾಂಗೆ, 50 ಗ್ರಾಂನದು 44ಕ್ಕೆ ಬಂದಿದ್ದರೆ ನೆಮ್ಮದಿಯಾಗಿರಿ. ಕಡಿಮೆ ಇಳಿದಿದ್ದರೆ ನೀರು ತೆಗೆಯಿರಿ, ತೀರಾ ಇಳಿದಿದ್ದರೆ ಹೆಚ್ಚಿಸಿ. ಏಳನೇ ಮತ್ತು ಹದಿನಾಲ್ಕನೇ ದಿನ ತೂಗಿದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ಮುಂದಿನ ಸಲ ಒಮ್ಮೆಗೇ 40 ಇಡಬೇಡಿ, ಹತ್ತೋ ಹನ್ನೆರಡೋ ಇಟ್ಟು ನಿಮ್ಮ ಕೋಣೆಯ ಹದ ತಿಳಿದುಕೊಳ್ಳಿ.

ಪ್ರಶ್ನೆ: ಥರ್ಮಾಕೋಲ್ ಡಬ್ಬಿಯಲ್ಲಿ ನಾನೇ ಯಂತ್ರ ಮಾಡಿ ಏಪ್ರಿಲ್‌ನಲ್ಲಿ ಜವಾರಿ ಕೋಳಿಯ 30 ತತ್ತಿ ಇಟ್ಟಿದ್ದೆ. 19ನೇ ದಿನಕ್ಕೇ ಆರು ಮರಿ ಒಡೆದವು. ಸಣ್ಣ ಮರಿಗಳು, ಹೊಕ್ಕುಳಲ್ಲಿ ರಕ್ತ. ಮೂರು ಸತ್ತವು. ಮೀಟರ್ ಯಾವಾಗಲೂ 37.5 ತೋರಿಸುತ್ತಿತ್ತು. ತಳಿಯಲ್ಲೇ ದೋಷವಿದೆಯೇ?
– ಯುವ ರೈತ, ಲಿಂಗಸುಗೂರು

ಉತ್ತರ: ತಳಿಯ ಬಗ್ಗೆ ಚಿಂತೆ ಬೇಡ. ಅವಧಿಗೆ ಮುಂಚೆ ಒಡೆಯುವುದು, ಮರಿ ಸಣ್ಣದಾಗಿರುವುದು, ಹೊಕ್ಕುಳು ಕೂಡಿಕೊಳ್ಳದಿರುವುದು, ಈ ಮೂರೂ ಒಟ್ಟಿಗೆ ಕಂಡರೆ ಬಿಸಿ ಹೆಚ್ಚಾಗಿತ್ತು ಎಂದೇ ತಿಳಿಯಬೇಕು.

ಮೊದಲು ಸಂವೇದಕ (ಬಿಸಿ ಅಳೆಯುವ ತಂತಿಯ ತುದಿ) ಎಲ್ಲಿದೆ ನೋಡಿ. ಅದು ಡಬ್ಬಿಯ ತಳದಲ್ಲೋ ಮೂಲೆಯಲ್ಲೋ ಜೋತುಬಿದ್ದಿದ್ದರೆ ತಣ್ಣಗಿನ ಜಾಗವನ್ನು ಅಳೆಯುತ್ತಿರುತ್ತದೆ. ಬಲ್ಬಿನ ಹತ್ತಿರದ ತತ್ತಿಗಳಿಗೆ ಅದಕ್ಕಿಂತ ಹೆಚ್ಚು ಕಾವು ತಾಗುತ್ತಿರುತ್ತದೆ. ತುದಿ ತತ್ತಿಗಳ ನಡುವೆ, ಅವುಗಳ ಎತ್ತರದಲ್ಲೇ ಇರಲಿ. ಮೀಟರ್ ಸರಿಯಿದೆಯೇ ಎಂದು ನೋಡಲು ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಆ ತುದಿಯನ್ನೂ ಜ್ವರ ನೋಡುವ ಥರ್ಮಾಮೀಟರನ್ನೂ ಒಟ್ಟಿಗೆ ಅದ್ದಿ. ಜ್ವರದ ಕಡ್ಡಿ 99.5 ಫ್ಯಾರನ್‌ಹೀಟ್ ತೋರಿಸುವಾಗ ಇದು 37.5 ಸೆಲ್ಸಿಯಸ್ ತೋರಿಸಬೇಕು. ಫ್ಯಾನ್ ಇಲ್ಲದ ಡಬ್ಬಿಯಾದರೆ ಲೆಕ್ಕ ಬೇರೆ. ಅದರಲ್ಲಿ ತತ್ತಿಯ ಮೇಲ್ಭಾಗದ ಮಟ್ಟದಲ್ಲಿ 38.5ರಷ್ಟು ಇರಬೇಕು.

ಎರಡನೆಯದು ನಿಮ್ಮೂರಿನ ಏಪ್ರಿಲ್. ಈ ಯಂತ್ರಕ್ಕೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ 40 ಡಿಗ್ರಿ ದಾಟಿದರೆ ಬಲ್ಬು ಆರಿದ್ದರೂ ತತ್ತಿ ಕಾಯುತ್ತಲೇ ಇರುತ್ತದೆ. ಮನೆಯ ಅತಿ ತಂಪಾದ ಒಳಕೋಣೆಯಲ್ಲಿ, ನೆಲದ ಮೇಲೆ ಇಡಿ. ಏಪ್ರಿಲ್, ಮೇ ತಿಂಗಳು ಬಿಟ್ಟುಬಿಡುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯಲ್ಲಿ ಕೂಡಿಡುವ ತತ್ತಿಯೂ ಬೇಗ ಕೆಡುತ್ತದೆ. ಬಿಸಿ ಕೋಣೆಯಲ್ಲಿ ಭ್ರೂಣ (ಒಳಗಿನ ಎಳೆಯ ಜೀವ) ಅರೆಬರೆ ಬೆಳೆಯಲು ಶುರುಮಾಡಿ ಸೋತುಹೋಗುತ್ತದೆ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಕೂರಿಸಿ, ಅದರೊಳಗೆ ಚೂಪು ತುದಿ ಕೆಳಗಾಗಿ ಇಡಿ. ಹಾಗಿಟ್ಟರೂ ಮೂರ್ನಾಲ್ಕು ದಿನದೊಳಗೆ ಕಾವಿಗೆ ಹಾಕಿ.

ಪ್ರಶ್ನೆ: 12ನೇ ದಿನ ಗುಡುಗು ಮಳೆ ಬಂದು ಐದು ಗಂಟೆ ಕರೆಂಟ್ ಇರಲಿಲ್ಲ. ಗುಡುಗಿಗೆ ಮೊಟ್ಟೆ ಕೆಡುತ್ತವೆ, ಕಬ್ಬಿಣದ ಚೂರು ಇಡು ಎಂದು ನಮ್ಮತ್ತೆ ಮೊದಲೇ ಹೇಳಿದ್ದರು. ನಾನು ಇಟ್ಟಿರಲಿಲ್ಲ. ಈಗ ಎಲ್ಲವನ್ನೂ ಎಸೆಯಬೇಕೇ?
– ಹೊಳೆನರಸೀಪುರದ ಓದುಗರು

ಉತ್ತರ: ಒಂದನ್ನೂ ಎಸೆಯಬೇಡಿ. ಐದು ಗಂಟೆಯ ತಂಪನ್ನು ಬಹಳಷ್ಟು ಭ್ರೂಣಗಳು ತಡೆದುಕೊಳ್ಳುತ್ತವೆ. ಬೆಳವಣಿಗೆ ತುಸು ನಿಧಾನವಾಗಿ, ಮರಿ ಅರ್ಧ ದಿನವೋ ಒಂದು ದಿನವೋ ತಡವಾಗಿ ಬರಬಹುದು. ಹೆದರಬೇಕಾದದ್ದು ಬಿಸಿಗೆ. 35 ಡಿಗ್ರಿಯಲ್ಲಿ ಮೂರ್ನಾಲ್ಕು ಗಂಟೆ ಇದ್ದರೂ ಬದುಕುವ ಮೊಟ್ಟೆಗೆ 40.5 ಡಿಗ್ರಿಯಲ್ಲಿ ಕಾಲು ಗಂಟೆಯಲ್ಲೇ ಪೆಟ್ಟು ಬೀಳುತ್ತದೆ. ಹಾಗಾಗಿ ಕರೆಂಟ್ ಬಂದ ಮೇಲೆ ಬೇಗ ಬಿಸಿಯಾಗಲೆಂದು ಗುಂಡಿ ತಿರುಗಿಸಿ ಏರಿಸಬೇಡಿ.

ಇನ್ನು ನಾಲ್ಕು ದಿನ ಬಿಟ್ಟು ಕತ್ತಲಲ್ಲಿ ಮೊಬೈಲ್ ಟಾರ್ಚನ್ನು ದಪ್ಪ ತುದಿಗೆ ಹಿಡಿದು ನೋಡಿ. ಕೆಂಪು ನರಗಳು ಹರಡಿದ್ದು, ಕಪ್ಪು ನೆರಳು ಅಲುಗಿದರೆ ಜೀವ ಇದೆ. ನರ ಮಾಯವಾಗಿ ರಕ್ತದ ಉಂಗುರವೊಂದೇ ಕಂಡರೆ, ಅಥವಾ ವಾಸನೆ ಬಂದರೆ ಅದನ್ನು ಮಾತ್ರ ತೆಗೆಯಿರಿ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಗುಡುಗಿನ ಕಾಲದಲ್ಲಿ ಮೊಟ್ಟೆ ಕೆಡುವುದನ್ನು ಹಿರಿಯರು ಕಣ್ಣಾರೆ ಕಂಡಿದ್ದಾರೆ. ಕೆಡಿಸುವುದು ಸದ್ದಲ್ಲ, ಮುಂಗಾರಿಗೆ ಮುಂಚಿನ ಸೆಕೆ. ಬೆದರಿದ ಹೇಂಟೆ ಕಾವು ಬಿಟ್ಟು ಏಳುವುದೂ ಇದೆ. ಕಬ್ಬಿಣದ ಚೂರನ್ನು ಅವರ ಸಮಾಧಾನಕ್ಕೆ ಪೆಟ್ಟಿಗೆಯ ಪಕ್ಕದಲ್ಲಿಡಿ, ತಂತಿಗಳಿರುವ ಒಳಭಾಗದಲ್ಲಿ ಬೇಡ. ಸಿಡಿಲು ಹತ್ತಿರವಾದಾಗ ಪ್ಲಗ್ ಕಿತ್ತುಬಿಡಿ. ಸಿಡಿಲಿಗೆ ಥರ್ಮೋಸ್ಟಾಟ್ (ಬಿಸಿ ನಿಯಂತ್ರಿಸುವ ಬಿಲ್ಲೆ) ಕೆಟ್ಟು ಬಲ್ಬು ಆರದೇ ಉಳಿದರೆ ಆಗ ನಿಜವಾಗಿಯೂ ಎಲ್ಲ ಮೊಟ್ಟೆ ಹಾಳಾಗುತ್ತವೆ. ಕರೆಂಟ್ ಇಲ್ಲದಾಗ ಮುಚ್ಚಳ ತೆಗೆಯದೆ ಕಂಬಳಿ ಹೊದಿಸಿ. ಗಾಳಿಯ ತೂತುಗಳು ಮಾತ್ರ ತೆರೆದಿರಲಿ.

ಪ್ರಶ್ನೆ: ಅಂಗಡಿಯಿಂದ ತಂದ ಬಿಳಿ ಮೊಟ್ಟೆ ಇಟ್ಟರೆ ಮರಿ ಬರುತ್ತದೆಯೇ? ಮಗಳು ಹಟ ಹಿಡಿದಿದ್ದಾಳೆ.
– ಬೆಂಗಳೂರಿನ ಓದುಗರು

ಉತ್ತರ: ಬರುವುದಿಲ್ಲ. ಮೊಟ್ಟೆಯ ಫಾರಂಗಳಲ್ಲಿ ಹುಂಜ ಇರುವುದಿಲ್ಲ, ಅಲ್ಲಿನ ಮೊಟ್ಟೆಯಲ್ಲಿ ಜೀವ ಕಟ್ಟಿರುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಇರುವ ಮನೆಯಿಂದ, ಇಟ್ಟು ವಾರದೊಳಗಿನ, ಫ್ರಿಜ್ಜಿನಲ್ಲಿಡದ, ತೊಳೆಯದ ಮೊಟ್ಟೆ ತನ್ನಿ. ಮಗಳ ಆಸೆ ಒಳ್ಳೆಯದೇ. ಆದರೆ ಮರಿಗಳು ಬಂದ ಮೇಲೆ ಎಲ್ಲಿ ಬೆಳೆಸುತ್ತೀರಿ ಎಂಬುದನ್ನು ಇಬ್ಬರೂ ಕೂತು ಮೊದಲೇ ತೀರ್ಮಾನಿಸಿ.

ಪ್ರಶ್ನೆ: ಮರಿ ಚಿಪ್ಪಿಗೆ ತೂತು ಮಾಡಿ ಎಂಟು ಗಂಟೆಯಾದರೂ ಹೊರಬರಲಿಲ್ಲ. ಒಳಗಿಂದ ಚಿಂವ್ ಚಿಂವ್ ಎನ್ನುತ್ತಿತ್ತು. ತಡೆಯಲಾರದೆ ಬಿಡಿಸಿದೆ, ರಕ್ತ ಬಂತು. ಇನ್ನೊಮ್ಮೆ ಹೀಗಾದರೆ ಏನು ಮಾಡಲಿ?
– ಶಿಕ್ಷಕಿ, ದಾವಣಗೆರೆ

ಉತ್ತರ: ಆ ಕೂಗು ಕೇಳುತ್ತ ಸುಮ್ಮನಿರುವುದು ಕಷ್ಟ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಆ ಎಂಟು ಗಂಟೆಯೂ ಮರಿ ಕೆಲಸ ಮಾಡುತ್ತಲೇ ಇತ್ತು. ತೂತು ಮಾಡಿದ ಮೇಲೆ ಅದು ಚಿಪ್ಪಿನ ಒಳಪೊರೆಯ ರಕ್ತವನ್ನು ಮೈಗೆ ಎಳೆದುಕೊಳ್ಳಬೇಕು, ಉಳಿದ ಹಳದಿ ಭಂಡಾರವನ್ನು ಹೊಟ್ಟೆಯೊಳಗೆ ಸೇರಿಸಿಕೊಳ್ಳಬೇಕು. ಇದಕ್ಕೆ 12ರಿಂದ 24 ಗಂಟೆ ಹಿಡಿಯುತ್ತದೆ. ನೀವು ಕಂಡ ರಕ್ತ ಆ ಕೆಲಸ ಮುಗಿಯದ ಗುರುತು.

18ನೇ ದಿನ ಹೊರಳಿಸುವುದನ್ನು ನಿಲ್ಲಿಸಿ, ನೀರು ತುಂಬಿ, ಮುಚ್ಚಳ ಹಾಕಿದರೆ ಮರಿಗಳು ಒಡೆದು ಮುಗಿಯುವವರೆಗೆ ತೆಗೆಯಬೇಡಿ. ಪದೇಪದೇ ತೆರೆದರೆ ತೇವ ಹೊರಟು, ಒಳಪೊರೆ ಹಪ್ಪಳದಂತೆ ಒಣಗಿ ಮರಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮೊದಲು ಹುಟ್ಟಿದವಕ್ಕೆ ಹಸಿವಾಗುತ್ತದೆ ಎಂಬ ಆತಂಕ ಬೇಡ. ಒಳಗೆಳೆದುಕೊಂಡ ಹಳದಿಯೇ ಅವಕ್ಕೆ ಎರಡು ದಿನದ ಊಟ. 24 ಗಂಟೆ ದಾಟಿಯೂ ಮುಂದುವರಿಯದೆ, ಪೊರೆ ಕಂದಿ ಒಣಗಿದ್ದರೆ ಮಾತ್ರ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಪೊರೆ ನೆನೆಸಿ, ತೂತಿನ ಅಂಚಿನ ಚಿಪ್ಪನ್ನು ಒಂದೊಂದೇ ಚೂರು ತೆಗೆಯಿರಿ. ಕೆಂಪು ಕಂಡ ಕೂಡಲೇ ಕೈ ತೆಗೆದು ಮುಚ್ಚಳ ಹಾಕಿ.

ಪ್ರಶ್ನೆ: ಮರಿಗಳು ಚೆನ್ನಾಗಿ ಬಂದವು. ಪೇಪರ್ ಹಾಸಿದ ಪೆಟ್ಟಿಗೆಯಲ್ಲಿಟ್ಟೆ. ಎರಡಕ್ಕೆ ಕಾಲು ಅಗಲಿಸಿ ನಿಲ್ಲಲಾಗುತ್ತಿಲ್ಲ. ಪಕ್ಕದ ಮನೆಯವರು ಉಳಿಯುವುದಿಲ್ಲ ಎನ್ನುತ್ತಾರೆ.
– ಶಿಗ್ಗಾವಿಯ ಓದುಗರು

ಉತ್ತರ: ಬೇಗ ಗಮನಿಸಿದ್ದೀರಿ, ಉಳಿಯುವ ಅವಕಾಶ ಚೆನ್ನಾಗಿಯೇ ಇದೆ. ನುಣುಪು ಪೇಪರಿನ ಮೇಲೆ ಎಳೆಗಾಲು ಜಾರಿ ಹೀಗಾಗುತ್ತದೆ. ಮೆತ್ತನೆಯ ಬ್ಯಾಂಡೇಜ್ ಪಟ್ಟಿಯಿಂದ ಎರಡು ಕಾಲಿಗೂ ಸೇರಿಸಿ, ಸಹಜವಾಗಿ ನಿಲ್ಲುವಷ್ಟು ಅಂತರ ಬಿಟ್ಟು ಸಡಿಲವಾಗಿ ಕಟ್ಟಿ. ಎರಡು ಮೂರು ದಿನಕ್ಕೆ ಬಹುಪಾಲು ಸರಿಯಾಗುತ್ತವೆ. ಪೇಪರ್ ತೆಗೆದು ಭತ್ತದ ಹೊಟ್ಟು ಹರಡಿ, ಮೊದಲೆರಡು ದಿನ ಅದರ ಮೇಲೆ ಒರಟು ಗೋಣಿಬಟ್ಟೆ ಹಾಸಿ.

ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿ, ಬಾಯಿ ತೆರೆದು ದೂರ ಸರಿದರೆ ಸೆಕೆ. ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ: ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಹಿಂಡಿಗೆ ಹಿಂಡೇ ಹೋಗುತ್ತದೆ, ಅದಕ್ಕೆ ಮದ್ದಿಲ್ಲ, ಲಸಿಕೆ ಮಾತ್ರ ಇದೆ. ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕಿಸಬೇಕು. ಇಂದೇ ನಿಮ್ಮ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಮರಿಗಳು ಹುಟ್ಟಿದ ತಾರೀಖು ಹೇಳಿ, ಲಸಿಕೆ ಯಾವ ದಿನ ಸಿಗುತ್ತದೆ ಎಂದು ಕೇಳಿ ಬನ್ನಿ.