ಮಕ್ಕಳ ತಟ್ಟೆಯಲ್ಲಿ ಏನಿದೆ?



ಕಡೂರು, ತರೀಕೆರೆ, ಅಜ್ಜಂಪುರದ ಹಳ್ಳಿಗಳಲ್ಲಿ ಬೆಳಗಾಗುತ್ತಲೇ ಕೂಲಿಗೆ ಹೊರಡುವ ತಾಯಿಗೆ ಮಗುವಿನ ಮಧ್ಯಾಹ್ನದ ಊಟದ ಚಿಂತೆ ತಪ್ಪಿಸಿದ್ದು ಶಾಲೆಯ ಬಿಸಿಯೂಟ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಆದೇಶಿಸಿತು. 2002ರಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಆರಂಭವಾದ ‘ಅಕ್ಷರ ದಾಸೋಹ’ ಮರುವರ್ಷ ನಮ್ಮ ಕಡೆಗೂ ಬಂತು. 2013ರಲ್ಲಿ ಹಾಲೂ ಸೇರಿತು.

ಆದರೆ ಹೊಟ್ಟೆ ತುಂಬುವುದು ಬೇರೆ, ಮೈಗೆ ಹತ್ತುವುದು ಬೇರೆ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಸಿಗಬೇಕು. 6ರಿಂದ 8ನೇ ತರಗತಿಯವರಿಗೆ 150, 30, 75 ಗ್ರಾಂ. ತರಕಾರಿಯ ಬೆಲೆ ಏರಿದರೆ ಮೊದಲು ತೆಳ್ಳಗಾಗುವುದು ಸಾರು. ಬೆಳೆಯುವ ಮಗುವಿಗೆ ಬರೀ ಅನ್ನ ಸಾಲದು.

ನಾವೇನು ಮಾಡಬಹುದು?

1. ತಿಂಗಳಿಗೊಮ್ಮೆಯಾದರೂ ಶಾಲೆಗೆ ಹೋಗಿ ಊಟದ ರುಚಿ ನೋಡಿ. ಬಡಿಸುವ ಮೊದಲು ಶಿಕ್ಷಕರು ರುಚಿ ನೋಡಬೇಕೆಂಬ ನಿಯಮವೂ ಇದೆ.

2. ಕೊರತೆ ಕಂಡರೆ ಬೀದಿಯಲ್ಲಿ ದೂರಬೇಡಿ, ಎಸ್.ಡಿ.ಎಂ.ಸಿ. ಸಭೆಯಲ್ಲಿ ಕೇಳಿ.

3. ಶಾಲೆಯ ಅಂಗಳದಲ್ಲಿ ನುಗ್ಗೆ, ಕರಿಬೇವು ನೆಡಿಸಿ. ಮಳೆ ಕಡಿಮೆಯ ಕಡೂರು ಸೀಮೆಯಲ್ಲೂ ನುಗ್ಗೆ ಬದುಕುತ್ತದೆ. ಅದರ ಸೊಪ್ಪು ಸಾರಿಗೆ ಸತ್ವ ಕೊಡುತ್ತದೆ.

4. ಅಡುಗೆಯ ತಾಯಂದಿರು ದುಡಿಯುವುದು ಅಲ್ಪ ಗೌರವಧನಕ್ಕೆ. ಅವರೊಡನೆ ಗೌರವದಿಂದ ಮಾತಾಡಿ.

“ನಮ್ಮ ಮಗು ಕಾನ್ವೆಂಟಿಗೆ ಹೋಗುತ್ತದೆ, ಬಿಸಿಯೂಟದ ಗೊಡವೆ ನಮಗೇಕೆ?” ಎನ್ನುವಿರಾ? ನೆರೆಮನೆಯ ಮಗುವನ್ನು ಈ ವಾರ ಕೇಳಿ ನೋಡಿ: “ಇವತ್ತು ಸಾರಿನಲ್ಲಿ ಏನೇನಿತ್ತು, ಪುಟ್ಟಾ?” ಆ ಮಗುವಿನ ಹಸಿವೆಗೂ ನಾವೇ ಹೊಣೆ.