ಕೆಸರು ದಾರಿಯ ಪಿಕಪ್: ಯಾಂತ್ರಿಕ ಹಿಡಿತವೋ, ವಿದ್ಯುನ್ಮಾನ ಹಿಡಿತವೋ

ಪಿಕಪ್ ವಾಹನದ ರಚನೆಯಲ್ಲೇ ಒಂದು ತೊಡಕಿದೆ. ಎಂಜಿನ್, ಗೇರ್‌ಬಾಕ್ಸ್, ಕ್ಯಾಬಿನ್‌ಗಳ ಭಾರ ಹೆಚ್ಚಾಗಿ ಮುಂದಿನ ಚಕ್ರಗಳ ಮೇಲೆ ಬಿದ್ದರೆ, ಗಾಡಿಯನ್ನು ನೂಕುವ ಕೆಲಸ ಹಿಂದಿನ ಚಕ್ರಗಳ ಪಾಲಿಗೆ ಬಂದಿದೆ. ಹೀಗಾಗಿ ಗೊಬ್ಬರದ ಮೂಟೆಗಳನ್ನು ಹೇರಿಕೊಂಡು ತೋಟದ ಏರನ್ನು ಸರಾಗವಾಗಿ ಹತ್ತಿದ ಗಾಡಿಯೇ, ಹೊರೆ ಇಳಿಸಿ ಬರಿದಾಗಿ ಮರಳುವಾಗ ಅದೇ ದಾರಿಯ ಸ್ವಲ್ಪ ಕೆಸರಿನಲ್ಲಿ ಒಂದು ಚಕ್ರವನ್ನು ಗಿರಗಿರನೆ ತಿರುಗಿಸುತ್ತ ನಿಂತುಬಿಡುತ್ತದೆ. ಹೊರೆಗೆಂದೇ ಬಿಗಿಯಾಗಿ ಕಟ್ಟಿದ ಹಿಂದಿನ ಲೀಫ್ ಸ್ಪ್ರಿಂಗ್‌ಗಳು ಬರಿಗಾಡಿಯಲ್ಲಿ ಹೆಚ್ಚು ಬಾಗುವುದಿಲ್ಲವಾದ್ದರಿಂದ, ಗುಂಡಿ ದಾಟುವಾಗ ಒಂದು ಚಕ್ರ ನೆಲ ಬಿಟ್ಟು ಮೇಲೇಳುವುದೂ ಉಂಟು. ಮೂಡಿಗೆರೆ, ಸಕಲೇಶಪುರದ ಕಡೆಯ ಎಸ್ಟೇಟ್ ದಾರಿಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಹೂತುಕೊಳ್ಳುವ ಪ್ರಸಂಗಗಳಲ್ಲಿ ಎಂಜಿನ್ನಿನ ಶಕ್ತಿ ಸಾಲದೆ ಹೋದದ್ದು ಅಪರೂಪ. ಇದ್ದ ಶಕ್ತಿ ತಪ್ಪು ಚಕ್ರಕ್ಕೆ ಹೋದದ್ದೇ ಹೆಚ್ಚು.

ಶಕ್ತಿಯನ್ನು ಹಾಗೆ ಹಂಚುವ ಭಾಗವೇ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕಾದ್ದರಿಂದ, ಎರಡಕ್ಕೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಈ ಹಲ್ಲುಚಕ್ರಗಳ ಜೋಡಣೆಗೆ ಫ್ರಾನ್ಸಿನ ಒನೆಸಿಫೋರ್ ಪೆಕ್ಯೂರ್ 1827ರಲ್ಲಿ, ಆವಿಬಂಡಿಯ ಕಾಲದಲ್ಲೇ ಪೇಟೆಂಟ್ ಪಡೆದಿದ್ದನು. ಇದರ ಗುಣವೂ ದೋಷವೂ ಒಂದೇ: ವೇಗ ಬೇರೆಯಾದರೂ ಎರಡೂ ಬದಿಗೆ ಅದು ಕೊಡುವ ಟಾರ್ಕ್, ಎಂದರೆ ತಿರುಗಿಸುವ ಬಲ, ಸಮನಾಗಿಯೇ ಇರುತ್ತದೆ. ಕೆಸರಿನಲ್ಲಿರುವ ಚಕ್ರ 100 ನ್ಯೂಟನ್ ಮೀಟರ್‌ಗೇ ಜಾರತೊಡಗುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು 1000 ತಾಳಬಲ್ಲದು ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಸಾಮಾನ್ಯ ಡಿಫರೆನ್ಷಿಯಲ್ ಗಟ್ಟಿ ನೆಲದ ಚಕ್ರಕ್ಕೂ 100ನ್ನೇ ಕೊಡುತ್ತದೆ; ಎಕ್ಸಲೇಟರ್ ಎಷ್ಟು ಒತ್ತಿದರೂ ಒಟ್ಟು 200ನ್ನು ಮೀರುವುದಿಲ್ಲ.

ಈ ಸಮಪಾಲನ್ನು ಮುರಿಯುವ ಸಾಧನಗಳಿಗೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಎಲ್‌ಎಸ್‌ಡಿ) ಎಂದು ಹೆಸರು. ಇವುಗಳ ಬೇಡಿಕೆ ಮೊದಲು ಬಂದದ್ದು ರೇಸಿನ ಕಣದಿಂದ: ಫರ್ಡಿನೆಂಡ್ ಪೋರ್ಷೆ ವಿನ್ಯಾಸಗೊಳಿಸಿದ ಆಟೊ ಯೂನಿಯನ್ ಕಾರುಗಳ ಹಿಂದಿನ ಚಕ್ರ ವೇಗದಲ್ಲೂ ಸುಮ್ಮನೆ ತಿರುಗುತ್ತಿದ್ದುದರಿಂದ 1935ರಲ್ಲಿ ಜರ್ಮನಿಯ ಝಡ್‌ಎಫ್ ಕಂಪನಿಗೆ ಆ ಕೆಲಸ ಒಪ್ಪಿಸಲಾಯಿತು. ಅಮೆರಿಕದ ಸಾಮಾನ್ಯ ಕೊಳ್ಳುವವರಿಗೆ ಅದು ಸಿಕ್ಕಿದ್ದು 1956ರಲ್ಲಿ, ಪ್ಯಾಕರ್ಡ್ ಕಾರುಗಳ ಮೂಲಕ. ಯಾಂತ್ರಿಕ ಬಗೆಯಲ್ಲಿ ಪಿಕಪ್ಪಿಗೆ ಸಂಬಂಧಪಟ್ಟವು ಮುಖ್ಯವಾಗಿ ಮೂರು. ಕ್ಲಚ್ ಬಗೆಯಲ್ಲಿ ಆಕ್ಸಲ್ ಹಲ್ಲುಚಕ್ರಗಳ ಹಿಂದೆ ತೆಳುವಾದ ಪ್ಲೇಟುಗಳ ಅಟ್ಟಿಯಿದ್ದು, ಸ್ಪ್ರಿಂಗಿನ ಒತ್ತಡ ಅವನ್ನು ಯಾವಾಗಲೂ ಅದುಮಿ ಹಿಡಿದಿರುತ್ತದೆ. ಹೀಗಾಗಿ ಚಕ್ರ ಜಾರುವ ಮುನ್ನವೇ ಇದು ಕೆಲಸದಲ್ಲಿರುತ್ತದೆ. ವರ್ನನ್ ಗ್ಲೀಸ್ಮನ್‌ಗೆ 1958ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸದಿಂದ ಹುಟ್ಟಿದ ಟಾರ್ಸೆನ್ ಬಗೆಯಲ್ಲಿ ಪ್ಲೇಟುಗಳಿಲ್ಲ. ಓರೆಹಲ್ಲಿನ ಚಕ್ರಗಳ ಪರಸ್ಪರ ಘರ್ಷಣೆಯೇ ಹಿಡಿತವಿರುವ ಬದಿಗೆ ಹೆಚ್ಚು ಪಾಲು ಕೊಡಿಸುತ್ತದೆ. ಮೂರನೆಯದು ಈಟನ್ ಕಂಪನಿಯ ಲಾಕರ್. ಜನರಲ್ ಮೋಟರ್ಸ್‌ನ ಪಿಕಪ್‌ಗಳಲ್ಲಿ 1973ರಿಂದ ಬಂದ ಇದು ಎರಡು ಚಕ್ರಗಳ ವೇಗದ ವ್ಯತ್ಯಾಸ ನಿಮಿಷಕ್ಕೆ ಸುಮಾರು 100 ಸುತ್ತು ದಾಟಿದೊಡನೆ, ಒಳಗಿನ ಪುಟ್ಟ ತೂಕಗಳು ಹೊರಚಿಮ್ಮುವುದರಿಂದ, ಎರಡೂ ಬದಿಯನ್ನು ಪೂರ್ತಿ ಬೆಸೆಯುತ್ತದೆ, ಮತ್ತು ಗಂಟೆಗೆ 32 ಕಿ.ಮೀ. ಆಸುಪಾಸಿನ ವೇಗದ ಮೇಲೆ ಬೆಸೆಯದಂತೆ ತನ್ನನ್ನು ತಾನೇ ತಡೆದುಕೊಳ್ಳುತ್ತದೆ. 2020ರಲ್ಲಿ ಬಂದ ಮಹೀಂದ್ರಾ ಥಾರ್‌ನ ಹಿಂದಿನ ಆಕ್ಸಲ್‌ನಲ್ಲಿ ಕೊಡುವ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಷಿಯಲ್ ಇದೇ ಕುಲದ್ದು.

ಹಿಂದಿನ ಲೆಕ್ಕವನ್ನೇ ಮುಂದುವರಿಸಿದರೆ, ಎರಡೂವರೆ ಪಟ್ಟು ಹಂಚುವ ಟಾರ್ಸೆನ್ ಕೆಸರಿನ ಚಕ್ರಕ್ಕೆ 100, ಗಟ್ಟಿ ನೆಲದ ಚಕ್ರಕ್ಕೆ 250 ಕೊಟ್ಟೀತು. ಆದರೆ ಒಂದು ಚಕ್ರ ಗಾಳಿಯಲ್ಲಿ ತೂಗಾಡುವಾಗ ಅದರ ಪಾಲು ಸೊನ್ನೆ. ಸೊನ್ನೆಯ ಎರಡೂವರೆ ಪಟ್ಟೂ ಸೊನ್ನೆಯೇ. ಹಳೆಯ ಜೀಪ್ ಚಾಲಕರು ಬಲ್ಲ ಹ್ಯಾಂಡ್‌ಬ್ರೇಕ್ ಉಪಾಯ ಇಲ್ಲಿ ನಿಜಕ್ಕೂ ಫಲಿಸುತ್ತದೆ: ಅರ್ಧ ಎಳೆದ ಬ್ರೇಕು ಗಾಳಿಯ ಚಕ್ರಕ್ಕೆ ಕೃತಕವಾಗಿ 100ರ ತಡೆ ಒಡ್ಡಿದರೆ, ಇನ್ನೊಂದು ಬದಿಗೆ 250 ಬರುತ್ತದೆ, ಅಲ್ಲಿಯೂ ಬ್ರೇಕಿಗೆ 100 ಕಳೆದರೂ ನೆಲಕ್ಕೆ 150 ಉಳಿಯುತ್ತದೆ. ಅದೇ ಉಪಾಯವನ್ನು ಸಾಮಾನ್ಯ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಮಾಡಿದರೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆಯ ಬ್ರೇಕು ಪೂರ್ತಿ ನುಂಗಿಹಾಕುತ್ತದೆ. ಇಷ್ಟಾದರೂ ಈ ಉಪಾಯ ಎಲ್ಲ ಗಾಡಿಯಲ್ಲೂ ಫಲಿಸುತ್ತದೆಂಬ ನಂಬಿಕೆ ಗ್ಯಾರೇಜಿನಿಂದ ಗ್ಯಾರೇಜಿಗೆ ಹಾಗೆಯೇ ದಾಟುತ್ತ ಬಂದಿದೆ. ಹ್ಯಾಂಡ್‌ಬ್ರೇಕ್ ಎಳೆದಾಗ ಗಾಡಿ ಹೊರಬಂದ ದಿನ ನೆನಪಿನಲ್ಲಿ ಉಳಿಯುತ್ತದೆ, ಬಾರದ ದಿನಗಳಿಗೆ ಮಳೆಯೋ ಟೈರೋ ಹೊಣೆಯಾಗುತ್ತದೆ.

ವಿದ್ಯುನ್ಮಾನ ಬಗೆ ಈ ಉಪಾಯವನ್ನೇ ಒಂದು ಚಕ್ರಕ್ಕೆ ಸೀಮಿತಗೊಳಿಸಿ ಮಾಡುತ್ತದೆ. ಡಿಫರೆನ್ಷಿಯಲ್ ಸಾಮಾನ್ಯವಾದದ್ದೇ ಇದ್ದು, ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ಕಾಯುವ ಎಬಿಎಸ್ ಸಲುವಾಗಿ ಪ್ರತಿ ಚಕ್ರದ ಬಳಿ ಇಟ್ಟಿರುವ ವೇಗದ ಸೆನ್ಸರ್ ಒಂದು ಚಕ್ರ ಹೆಚ್ಚು ತಿರುಗುತ್ತಿದೆ ಎಂದು ತಿಳಿಸಿದೊಡನೆ, ಗಣಕವು ಆ ಚಕ್ರವೊಂದಕ್ಕೆ ಬ್ರೇಕ್ ಹಾಕುತ್ತದೆ. 500ರಷ್ಟು ಬ್ರೇಕ್ ಬಿದ್ದರೆ ಜಾರುವ ಬದಿಯ ಪ್ರತಿರೋಧ 600 ಆಗುವುದರಿಂದ ಇನ್ನೊಂದು ಬದಿಗೂ 600 ದಕ್ಕುತ್ತದೆ. ಒಟ್ಟು 1200ರಲ್ಲಿ 700 ನೆಲಕ್ಕೆ ಸೇರಿ, 500 ಬ್ರೇಕಿನಲ್ಲಿ ಶಾಖವಾಗಿ ಹೋಗುತ್ತದೆ. ಮೊದಲ ಗೇರಿನ ಡೀಸೆಲ್ ಎಂಜಿನ್ನಿಗೆ 1200 ದೊಡ್ಡ ಮೊತ್ತವಲ್ಲ, ಆದ್ದರಿಂದ ಬಲದ ಲೆಕ್ಕದಲ್ಲಿ ಈ ವಿಧಾನ ಕ್ಲಚ್ ಬಗೆಯನ್ನೂ ಟಾರ್ಸೆನ್ನನ್ನೂ ಮೀರಿಸಬಲ್ಲದು. ಅದರ ಮಿತಿ ಇರುವುದು ಶಾಖದಲ್ಲಿ. ಉದ್ದನೆಯ ಕೆಸರಿನ ಏರಿನಲ್ಲಿ ಬಿಡದೆ ದುಡಿದ ಹಿಂದಿನ ಡ್ರಮ್‌ಗಳು ಕಾದು ವಾಸನೆ ಬರುವ ಹೊತ್ತಿಗೆ, ಬ್ರೇಕನ್ನು ಉಳಿಸುವ ಸಲುವಾಗಿ ಗಣಕವೇ ಈ ನೆರವನ್ನು ಕೆಲಕಾಲ ಹಿಂತೆಗೆದುಕೊಳ್ಳುವಂತೆ ಅನೇಕ ವ್ಯವಸ್ಥೆಗಳಲ್ಲಿ ಏರ್ಪಾಡಿದೆ, ಮತ್ತು ಅದು ಸಾಮಾನ್ಯವಾಗಿ ಏರಿನ ಕೊನೆಯ ತಿರುವಿನಲ್ಲೇ ಸಂಭವಿಸುತ್ತದೆ.

ತಯಾರಕರು ಈ ಕಡೆ ಹೊರಳಿದ್ದಕ್ಕೆ ಕಾರಣ ಗುಟ್ಟಿನದೇನಲ್ಲ. ಅಮೆರಿಕದಲ್ಲಿ 2012ರ ಮಾದರಿ ವರ್ಷದಿಂದ ಎಲ್ಲ ಹಗುರ ವಾಹನಗಳಿಗೂ, ಗಾಡಿ ಅಡ್ಡ ಜಾರದಂತೆ ಕಾಯುವ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯವಾದ ಮೇಲೆ, ಸೆನ್ಸರ್, ಪಂಪು, ವಾಲ್ವುಗಳೆಲ್ಲ ಹೇಗೂ ಗಾಡಿಯಲ್ಲಿ ಇರಲೇಬೇಕಾಯಿತು. ಅದರ ಮೇಲೆ ಲಿಮಿಟೆಡ್ ಸ್ಲಿಪ್‌ನ ಕೆಲಸ ಸೇರಿಸಲು ತಂತ್ರಾಂಶ ಸಾಕಾಯಿತು. ಟೊಯೋಟಾದ ಟಂಡ್ರಾ ಪಿಕಪ್ ಅದಕ್ಕೂ ಮುಂಚೆ, 2007ರಲ್ಲೇ ಆಟೊ ಎಲ್‌ಎಸ್‌ಡಿ ಎಂಬ ಹೆಸರಿನಲ್ಲಿ ಇದನ್ನು ತಂದಿತ್ತು. ಬಿಡದಿಯಲ್ಲಿ ಜೋಡಣೆಯಾಗಿ 2022ರಿಂದ ಭಾರತದಲ್ಲಿ ಮಾರಾಟವಾಗುತ್ತಿರುವ ಅದೇ ಕಂಪನಿಯ ಹೈಲಕ್ಸ್ ಪಿಕಪ್‌ನಲ್ಲಿ ಇದೂ ಇದೆ, ಗುಂಡಿ ಒತ್ತಿದರೆ ಹಿಂದಿನ ಆಕ್ಸಲ್ಲನ್ನು ಪೂರ್ತಿ ಬೆಸೆಯುವ ವಿದ್ಯುತ್ ಲಾಕೂ ಇದೆ. ಮೊದಲನೆಯದರ ಮಿತಿ ತಿಳಿದೇ ಎರಡನೆಯದನ್ನು ಇಟ್ಟಿರುವುದು ಸ್ಪಷ್ಟ. ಇವಕ್ಕೆ ಸೇರದ ಇನ್ನೊಂದು ಬಗೆಯಲ್ಲಿ ಕ್ಲಚ್ ಪ್ಲೇಟುಗಳನ್ನೇ ಗಣಕದ ಆಜ್ಞೆಯಂತೆ ಮೋಟಾರೋ ಹೈಡ್ರಾಲಿಕ್ ಒತ್ತಡವೋ ಅದುಮುತ್ತದೆ. ಫೆರಾರಿಯ 2004ರ ಎಫ್430, 2014ರ ಕಾರ್ವೆಟ್‌ಗಳಲ್ಲಿ ಕಾಣಿಸಿಕೊಂಡ ಇದು ಗುಣದಲ್ಲಿ ಶ್ರೇಷ್ಠವಾದರೂ ಕೆಲಸದ ಪಿಕಪ್‌ಗಳ ಬೆಲೆಗೆ ಇನ್ನೂ ಇಳಿದಿಲ್ಲ.

ಎರಡೂ ಬಗೆಯ ಗಾಡಿಗಳನ್ನು ಮಲೆನಾಡಿನ ಮಳೆಯಲ್ಲಿ ಬಳಸಿದ ಈ ಬರಹಗಾರನಿಗೆ ಮೊದಲು ಮನದಟ್ಟಾದದ್ದು ಯಂತ್ರದ ಗುಣಕ್ಕಿಂತ ಹೆಚ್ಚಾಗಿ ಬಲಗಾಲಿನ ಅಭ್ಯಾಸ. ಚಕ್ರ ಸ್ಪಿನ್ ಆದೊಡನೆ ಎಕ್ಸಲೇಟರ್‌ನಿಂದ ಕಾಲು ತೆಗೆಯಬೇಕೆಂಬುದು ಹಳೆಯ ಗಾಡಿಗಳ ಪಾಠ, ಮತ್ತು ಕ್ಲಚ್ ಬಗೆಯ ಡಿಫರೆನ್ಷಿಯಲ್‌ಗೆ ಅದು ಇಂದಿಗೂ ಸರಿ. ಬ್ರೇಕ್ ಮೂಲಕ ದುಡಿಯುವ ವ್ಯವಸ್ಥೆಯಾದರೋ ಚಕ್ರ ಜಾರಿದ ಮೇಲಷ್ಟೇ ಎಚ್ಚರಗೊಳ್ಳುತ್ತದೆ. ಅದು ಕಟಕಟ ಎನ್ನುತ್ತ ಬ್ರೇಕ್ ಹಿಡಿಯತೊಡಗಿದ ಆ ಕ್ಷಣದಲ್ಲಿ ಚಾಲಕ ಸದ್ದಿಗೆ ಗಾಬರಿಯಾಗಿ ಕಾಲು ತೆಗೆದರೆ, ಇನ್ನೊಂದು ಚಕ್ರಕ್ಕೆ ಹೋಗಬೇಕಾದ ಬಲವೂ ನಿಂತು ಗಾಡಿ ಅಲ್ಲೇ ಕೂರುತ್ತದೆ. ಕಾಲನ್ನು ಅಲುಗಿಸದೆ ಒಂದೇ ಹದದಲ್ಲಿ ಒತ್ತಿ ಹಿಡಿದು ಕಾಯುವುದನ್ನು ಅನುಭವಿ ಚಾಲಕರೇ ತಡವಾಗಿ ಕಲಿಯುತ್ತಾರೆ. ಇದರೊಂದಿಗೆ, ಮಾಮೂಲಿ ಸ್ಥಿತಿಯಲ್ಲಿ, ಚಕ್ರ ಜಾರುವುದನ್ನು ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ನಿನ ಬಲವನ್ನೂ ತಗ್ಗಿಸುವುದರಿಂದ ಏರಿನ ನಡುವೆ ಗಾಡಿ ಉಸಿರು ಕಟ್ಟಿದಂತಾಗುತ್ತದೆ. ಟಂಡ್ರಾದಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್‌ನ ಆಫ್ ಗುಂಡಿಯನ್ನು ಒಮ್ಮೆ ಒತ್ತಿದರೆ ಬಲ ತಗ್ಗಿಸುವುದು ನಿಂತು ಬ್ರೇಕಿನ ಕೆಲಸ ಮಾತ್ರ ಉಳಿಯುತ್ತದೆ. ಇದು ಕೈಪಿಡಿಯಲ್ಲಿ ಬರೆದಿರುವ ಸಂಗತಿಯಾದರೂ, ಆಫ್ ಎಂದು ಬರೆದಿರುವ ಗುಂಡಿಯನ್ನು ಜಾರುವ ದಾರಿಯಲ್ಲಿ ಒತ್ತಲು ಯಾರಿಗೂ ಮನಸ್ಸು ಬಾರದು.

ಯಾಂತ್ರಿಕ ಬಗೆಯನ್ನು ಹೊಗಳುವವರು ಹೇಳದೆ ಬಿಡುವ ವಿಷಯವೂ ಒಂದಿದೆ. ಒಂದು ಬದಿ ಧರೆ, ಇನ್ನೊಂದು ಬದಿ ಇಳಿಜಾರು ಇರುವ ಓರೆ ದಾರಿಯಲ್ಲಿ, ಸಾಮಾನ್ಯ ಡಿಫರೆನ್ಷಿಯಲ್ ಇದ್ದರೆ ಒಂದು ಚಕ್ರ ತಿರುಗಿ ಇನ್ನೊಂದು ಸುಮ್ಮನಿರುತ್ತದೆ, ಆ ಸುಮ್ಮನಿರುವ ಚಕ್ರವೇ ಗಾಡಿಯ ಹಿಂಭಾಗವನ್ನು ದಾರಿಯಲ್ಲಿ ಹಿಡಿದಿಡುತ್ತದೆ. ಬಿಗಿಯಾದ ಕ್ಲಚ್ ಬಗೆಯಲ್ಲಾಗಲಿ ಲಾಕರ್‌ನಲ್ಲಾಗಲಿ ಎರಡೂ ಚಕ್ರ ಒಟ್ಟಿಗೆ ಸ್ಪಿನ್ ಆದಾಗ ಅಡ್ಡ ಹಿಡಿತ ಪೂರ್ತಿ ಹೋಗಿ, ಹಿಂಭಾಗ ಮೆಲ್ಲಗೆ ಇಳಿಜಾರಿನ ಕಡೆಗೆ ಜಾರತೊಡಗುತ್ತದೆ. ಮುಂದೆ ಸಾಗದೆ ನಿಲ್ಲುವುದಕ್ಕಿಂತ ಇದು ಹೆಚ್ಚು ಅಪಾಯದ್ದು. ಹೆದ್ದಾರಿಯ ಒದ್ದೆ ತಿರುವಿನಲ್ಲಿ ಬರಿಗಾಡಿಯ ಹಿಂಭಾಗ ಹೊರಗೆ ಬೀಸುವುದಕ್ಕೂ ಕಾರಣ ಇದೇ.

ಸವೆತದ ವಿಷಯದಲ್ಲಿ ಸಾಮಾನ್ಯ ಅಭಿಪ್ರಾಯ ತಲೆಕೆಳಗಾಗಿದೆಯೆಂದೇ ಹೇಳಬೇಕು. ಯಾಂತ್ರಿಕವಾದದ್ದು ಗಟ್ಟಿ, ವಿದ್ಯುನ್ಮಾನವಾದದ್ದು ನಾಜೂಕು ಎಂಬ ಮಾತಿದ್ದರೂ, ಸೆನ್ಸರಿನ ತಂತಿಯನ್ನು ಇಲಿ ಕಡಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿ ದೋಷ ಆ ದಿನವೇ ತಿಳಿಯುತ್ತದೆ; ಕ್ಲಚ್ ಪ್ಲೇಟುಗಳು ಮಾತ್ರ ಯಾರಿಗೂ ಸುಳಿವು ಕೊಡದೆ ಸವೆದು, ಗಾಡಿ ಸಾಮಾನ್ಯ ಡಿಫರೆನ್ಷಿಯಲ್‌ನ ಗಾಡಿಯಾಗಿಬಿಟ್ಟಿರುತ್ತದೆ, ಮಾಲೀಕ ಮಾತ್ರ ಮುಂದಿನ ಮಳೆಗಾಲದವರೆಗೆ ತನ್ನದು ಎಲ್‌ಎಸ್‌ಡಿ ಎಂದೇ ನಂಬಿರುತ್ತಾನೆ. ಹಿಂದಿನ ಎಡಬಲಕ್ಕೆ ಒಂದು ಹೊಸ ಟೈರು, ಒಂದು ಹಳೆಯ ಟೈರು ಹಾಕಿ ಓಡಿಸುವ ರೂಢಿ ಈ ಸವೆತವನ್ನು ಚುರುಕುಗೊಳಿಸುತ್ತದೆ, ಏಕೆಂದರೆ ಸುತ್ತಳತೆ ಬೇರೆಯಾದರೆ ನೇರ ದಾರಿಯಲ್ಲೂ ಪ್ಲೇಟುಗಳು ಉಜ್ಜುತ್ತಲೇ ಇರುತ್ತವೆ. ಎಣ್ಣೆಯ ವಿಷಯವೂ ಹೀಗೆಯೇ: ಕ್ಲಚ್ ಬಗೆಗೆ ಗೇರ್ ಆಯಿಲ್ ಜೊತೆ ಘರ್ಷಣೆಯನ್ನು ಹದಗೊಳಿಸುವ ಬೇರೆ ದ್ರವವೂ ಬೇಕು, ಅದಿಲ್ಲದೆ ಮಾಮೂಲಿ ಗೇರ್ ಆಯಿಲ್ ಸುರಿದರೆ ಅಂಗಳದಲ್ಲಿ ನಿಧಾನವಾಗಿ ತಿರುಗಿಸುವಾಗ ಹಿಂದಿನ ಆಕ್ಸಲ್ ಗರಗರನೆ ನಡುಗುತ್ತದೆ, ಆ ದ್ರವ ಅತಿಯಾದರೆ ಪ್ಲೇಟುಗಳು ಹಿಡಿಯುವುದನ್ನೇ ಬಿಡುತ್ತವೆ. ಟಾರ್ಸೆನ್‌ಗೆ ಅದರ ಅಗತ್ಯವೇ ಇಲ್ಲ.

ಹಳೆಯ ಪಿಕಪ್ ಕೊಳ್ಳುವವರು ಇದನ್ನು ನೋಡಿಕೊಳ್ಳಲು ದೊಡ್ಡ ಸಲಕರಣೆ ಬೇಡ. ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲಿಟ್ಟು, ಹಿಂದಿನ ಆಕ್ಸಲ್ಲನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ಎತ್ತಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು ಒಂದು ಚಕ್ರವನ್ನು ಕೈಯಿಂದ ತಿರುಗಿಸಿದಾಗ ಇನ್ನೊಂದೂ ಅದೇ ದಿಕ್ಕಿಗೆ ತಿರುಗಿದರೆ ಪ್ಲೇಟುಗಳಲ್ಲಿ ಇನ್ನೂ ಜೀವವಿದೆ. ಎದುರು ದಿಕ್ಕಿಗೆ ತಿರುಗಿದರೆ ಅವು ಸವೆದಿವೆ, ಅಥವಾ ಒಳಗಿರುವುದು ಸಾಮಾನ್ಯ ಡಿಫರೆನ್ಷಿಯಲ್. ಈಟನ್ ಲಾಕರ್ ಮತ್ತು ಬ್ರೇಕ್ ಆಧಾರಿತ ವ್ಯವಸ್ಥೆ ಈ ಪರೀಕ್ಷೆಯಲ್ಲಿ ಸುಸ್ಥಿತಿಯಲ್ಲಿದ್ದಾಗಲೂ ಸಾಮಾನ್ಯ ಡಿಫರೆನ್ಷಿಯಲ್‌ನಂತೆಯೇ ವರ್ತಿಸುತ್ತವೆ, ಏಕೆಂದರೆ ಮೊದಲನೆಯದಕ್ಕೆ ಕೈಯಿಂದ ಬರಲಾರದಷ್ಟು ವೇಗದ ವ್ಯತ್ಯಾಸ ಬೇಕು, ಎರಡನೆಯದಕ್ಕೆ ಎಂಜಿನ್ ಚಾಲೂ ಇರಬೇಕು. ಅವುಗಳನ್ನು ಕೊಳ್ಳುವ ಮುನ್ನ ಒಂದು ಬದಿಯ ಚಕ್ರ ಸಡಿಲ ಮಣ್ಣಿನಲ್ಲಿ, ಇನ್ನೊಂದು ಬದಿಯದು ಗಟ್ಟಿ ನೆಲದಲ್ಲಿ ಇರುವಂತೆ ನಿಲ್ಲಿಸಿ, ಮೊದಲ ಗೇರಿನಲ್ಲಿ ಹೊರಡಿಸಿಯೇ ನೋಡಬೇಕಾಗುತ್ತದೆ.