ಶರಬತ್ತಿನ ಪಾಕವೂ ಸೋಡಾದ ಸರದಿಯೂ

ಬೇಸಗೆ ಕಾಲಿಟ್ಟೊಡನೆ ನಮ್ಮ ಮನೆಗಳಲ್ಲಿ ಶುಂಠಿ, ಮುರುಗಲು, ಸೊಗದೇಬೇರುಗಳ ಶರಬತ್ತು ಸಿದ್ಧವಾಗುವುದೂ, ಅದು ಅತಿಥಿಯ ಕೈಸೇರುವ ವೇಳೆಗೆ ಸಿಹಿಯೆಲ್ಲವೂ ಲೋಟದ ತಳದಲ್ಲಿ ಮಡುಗಟ್ಟಿ ಮೇಲೆ ಸಪ್ಪೆ ನೀರು ಮಾತ್ರ ಉಳಿಯುವುದೂ ಸರ್ವತ್ರ ಕಂಡುಬರುವ ಸಂಗತಿ. ಇದಕ್ಕಾಗಿ ಸೋಡಾವನ್ನು ದೂರುವವರೇ ಹೆಚ್ಚು, ದೋಷವಿರುವುದಾದರೋ ಪಾಕದಲ್ಲಿ. 1767ರಲ್ಲಿ ಜೋಸೆಫ್ ಪ್ರೀಸ್ಟ್ಲಿಯು ನೀರಿಗೆ ಅನಿಲವನ್ನು ಬೆರೆಸಿದುದು, 1872ರಲ್ಲಿ ಹೈರಮ್ ಕಾಡ್ ಎಂಬಾತನು ಗೋಲಿಸೋಡಾದ ಸೀಸೆಯನ್ನು ರೂಪಿಸಿದುದು ಮೊದಲಾದ ಪೂರ್ವೇತಿಹಾಸವನ್ನು ಇಷ್ಟಕ್ಕೇ ಬಿಟ್ಟು ಒಲೆಯ ಬಳಿಗೆ ಹೋಗೋಣ.

ಒಂದು ಲೋಟ ಸಕ್ಕರೆಗೆ ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಸಕ್ಕರೆ ಕರಗಿದ ಮರುಕ್ಷಣವೇ ಇಳಿಸಬೇಕು. ಲಾಡು, ಚಿರೋಟಿಗಳಲ್ಲಿ ಕೈ ಪಳಗಿದವರು ಎಡವುವುದು ಇಲ್ಲಿಯೇ: ಬೆರಳ ನಡುವೆ ಎಳೆ ಬರುವವರೆಗೂ ಕುದಿಸದೆ ಅವರ ಮನಸ್ಸಿಗೆ ಸಮಾಧಾನವಿಲ್ಲ. ತಣ್ಣನೆಯ ನೀರು ತನ್ನ ತೂಕದ ಸುಮಾರು ಎರಡರಷ್ಟು ಸಕ್ಕರೆಯನ್ನು ಮಾತ್ರ ಕರಗಿಸಿಟ್ಟುಕೊಳ್ಳಬಲ್ಲುದು. ಎಳೆಪಾಕದಲ್ಲಿ ಇದಕ್ಕಿಂತ ಹೆಚ್ಚು ಸಕ್ಕರೆ ಇರುವುದರಿಂದ ಅದು ಸೀಸೆಯಲ್ಲಿ ಆರಿದೊಡನೆ ಹರಳುಗಟ್ಟುತ್ತದೆ. ಅಷ್ಟೇ ಅಲ್ಲ, ಮಂಜುಗಡ್ಡೆಯಿದ್ದ ಲೋಟಕ್ಕೆ ಸುರಿದಾಗ ಅದು ಬೆರೆಯದೆ ನೇರವಾಗಿ ತಳಕ್ಕಿಳಿಯುವುದು, ಇಳಿದುದನ್ನು ಎಬ್ಬಿಸಲೆಂದು ಚಮಚ ಹಾಕಿ ಗರಗರ ತಿರುಗಿಸುವುದು, ತಿರುಗಿಸಿದಷ್ಟೂ ಅನಿಲ ಹಾರಿಹೋಗುವುದು, ಹೀಗೆ ಒಂದು ತಪ್ಪಿನಿಂದ ಮತ್ತೊಂದು ಹುಟ್ಟುತ್ತದೆ. ಆದಕಾರಣ ಎಳೆ ಬಂದ ಪಾಕವನ್ನು ಮಿಠಾಯಿಗೆ ಮೀಸಲಿಡಿ. ಇಲ್ಲವೇ ನೀರು ಸೇರಿಸಿ ಸಡಿಲಿಸಿಕೊಳ್ಳಿ. ಸಮಪ್ರಮಾಣದ ಪಾಕವು ಫ್ರಿಜ್ಜಿನಲ್ಲಿ ಎರಡು ಮೂರು ವಾರ ಬಾಳುತ್ತದೆ.

ಪರಿಮಳದ ವಿಷಯದಲ್ಲಿಯೂ ಅತಿಯಾದ ಉರಿಯೇ ಶತ್ರು. ಶುಂಠಿಯನ್ನು ತುರಿದು ಹಿಂಡಿ, ಅರ್ಧ ಗಂಟೆ ಅಲುಗಿಸದೆ ಇಟ್ಟರೆ ಬಿಳಿಯ ಪಿಷ್ಟ ತಳದಲ್ಲಿ ನಿಲ್ಲುತ್ತದೆ. ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿ ಉಗುರುಬೆಚ್ಚಗಿನ ಪಾಕಕ್ಕೆ ಸೇರಿಸಬೇಕು. ಸೊಗದೇಬೇರನ್ನು ಜಜ್ಜಿ, ನಡುವಣ ಗಟ್ಟಿನಾರನ್ನು ತೆಗೆದು, ಸಿಪ್ಪೆಯನ್ನು ಬಿಸಿನೀರಿನಲ್ಲಿ ರಾತ್ರಿಯೆಲ್ಲ ಮುಚ್ಚಿಟ್ಟು, ಸೋಸಿದ ಆ ನೀರಿನಲ್ಲಿಯೇ ಸಕ್ಕರೆ ಕರಗಿಸುವುದು ಲೇಸು. ಮುರುಗಲಿನ ಹುಳಿಗೆ ಅಲ್ಯುಮಿನಿಯಂ ಪಾತ್ರೆ ಸಲ್ಲದು. ಅಂಗಡಿಯ ಕಡುಹಸುರು ಲಾವಂಚದ ಶರಬತ್ತಿಗೆ ಮರುಳಾಗುವವರು, ಲಾವಂಚದ ಬೇರಿಗೆ ಆ ಹಸುರು ಇಲ್ಲವೆಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ಲೋಟಕ್ಕೆ ಮೊದಲು 30 ಮಿ.ಲೀ. ಪಾಕ, ಅನಂತರ 15 ಮಿ.ಲೀ. ನಿಂಬೆರಸ, ಚಿಟಿಕೆ ಉಪ್ಪು. ಚೆನ್ನಾಗಿ ಕಲಕುವುದೆಲ್ಲವನ್ನೂ ಈ ಹಂತದಲ್ಲಿಯೇ ಮುಗಿಸಿಕೊಳ್ಳಬೇಕು. ಬಳಿಕ ಮಂಜುಗಡ್ಡೆ, ಕಟ್ಟಕಡೆಗೆ 150 ಮಿ.ಲೀ. ಸೋಡಾವನ್ನು ಲೋಟವನ್ನು ಓರೆಮಾಡಿ ಅಂಚಿನ ಗುಂಟ ಇಳಿಬಿಟ್ಟು, ಚಮಚದಿಂದ ತಳವನ್ನು ಒಮ್ಮೆ ಮೇಲೆತ್ತಿದರೆ ಸಾಕು. ಸೋಡಾ ಮೊದಲೇ ತಣ್ಣಗಿರಬೇಕು: ಕೋಣೆಯ ಬಿಸಿಯಲ್ಲಿರುವ ನೀರು, ಮಂಜಿನಷ್ಟು ತಣ್ಣಗಿರುವ ನೀರು ಹಿಡಿದಿಡುವ ಅನಿಲದ ಅರ್ಧದಷ್ಟನ್ನೂ ಹಿಡಿದಿಡಲಾರದು.

ಮದ್ಯ ಸೇವಿಸುವವರಿಗೂ ಇದೇ ಪಾಕ ಒದಗುತ್ತದೆ. ಮದ್ಯಮಿಶ್ರಣದಲ್ಲಿ ಹೆಸರಾದ ಜೆರ್ರಿ ಥಾಮಸನ 1876ರ ಗ್ರಂಥದಲ್ಲಿಯೇ ಕಾಣಸಿಗುವ ಮಿಶ್ರಣವಾದ ಟಾಮ್ ಕಾಲಿನ್ಸ್‌ಗೆ ಈಗಿನ ರೂಢಿಯ ಅಳತೆ 45 ಮಿ.ಲೀ. ಜಿನ್, 30 ನಿಂಬೆರಸ, 15 ಪಾಕ, 60 ಸೋಡಾ; ನಮ್ಮ ನಾಟಿನಿಂಬೆಯಾದರೆ 20 ಸಾಕೆಂದು ನನ್ನ ಅಭಿಪ್ರಾಯ. ಕ್ಯೂಬಾದ ಡೈಕಿರಿಗೆ 60 ಬಿಳಿಯ ರಮ್, 25 ನಿಂಬೆರಸ, 15 ಪಾಕ. ಮಂಜುಗಡ್ಡೆಯೊಡನೆ ಶೇಕರಿನಲ್ಲಿ ಕುಲುಕಿ ಸೋಸಬೇಕು. ಸೋಡಾವನ್ನು ಶೇಕರಿಗೆ ಹಾಕಿದರೆ ಮುಚ್ಚಳ ಹಾರುತ್ತದೆ. ಉಳಿದ ಮಿಶ್ರಣಗಳಿಗೆ ಇಲ್ಲಿ ಸ್ಥಳವಿಲ್ಲ. ಜಿನ್ ಬೆರೆತ ಲೋಟವೂ ಮಕ್ಕಳ ಶರಬತ್ತಿನ ಲೋಟವೂ ನೋಟಕ್ಕೆ ಒಂದೇ ತೆರನಾಗಿರುವುದರಿಂದ, ಅವೆರಡನ್ನೂ ಒಂದೇ ತಟ್ಟೆಯಲ್ಲಿಟ್ಟು ತರಕೂಡದು.